ದಯವಿಟ್ಟು ಒತ್ತಾಯಿಸಬಾರದು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಸರ್ಕಾರಿ ನೌಕರಿ ಇರಲಿಲ್ಲ ಅಂತ ಕಾಣುತ್ತದೆ. ಇದ್ದಿದ್ದರೆ ಇನ್ನೊಂದು ಸಾಲು ಸೇರಿಸಿರುತ್ತಿದ್ದ: ಹಲ್ಲಿಲ್ಲದವನು ಕಡಲೆ ತಿಂದನೇ ಎಂದು ವಿಚಾರಣೆಯೂ ನಡೆಯುತ್ತದೆ. ಆರ್.ಟಿ. ನಗರದ ಬದರೀನಾಥನಿಗೆ ಆದದ್ದು ಇದೇ. ಹೇಳಿದರೆ ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಕೇಳಿ, ಆಮೇಲೆ ಇದು ನ್ಯಾಯವಾ ಅಂತ ನೀವೇ ಹೇಳಿ.

ಬದರೀನಾಥ ಬಿ.ಎಸ್ಸಿ., ಬಿ.ಎಲ್. ಮುಗಿಸಿ ಹನ್ನೊಂದು ವರ್ಷ ಯಶವಂತಪುರದಲ್ಲಿ ವಕೀಲಿ ಆಫೀಸು ಇಟ್ಟಿದ್ದ. ಕೆಳಗೆ ಖಾದರ್ ಬಾಷಾನ ಬೋರ್ಡು ಬರೆಯುವ ಅಂಗಡಿ, ಮಹಡಿಯ ಮೇಲೆ ಇವನ ಆಫೀಸು. ಮೇಜಿತ್ತು, ಗಾಜಿನ ಬೀರುವಿನಲ್ಲಿ ಕಾನೂನು ಪುಸ್ತಕಗಳಿದ್ದವು, ಕಕ್ಷಿದಾರರು ಕೂರಲಿ ಅಂತ ಉದ್ದನೆಯ ಬೆಂಚೂ ಇತ್ತು. ಕಕ್ಷಿದಾರರು ಮಾತ್ರ ಇರಲಿಲ್ಲ. ಬೆಂಚು ಸುಮ್ಮನೆ ಹಾಳಾಗಬಾರದೆಂದು ಮಧ್ಯಾಹ್ನದ ಹೊತ್ತು ಬದರೀನಾಥನೇ ಅದರ ಮೇಲೆ ಮಲಗುತ್ತಿದ್ದ. ಸಂಸಾರ ನಡೆದದ್ದು ಹೆಂಡತಿ ಅಲಮೇಲುವಿನ ಸಂಬಳದಲ್ಲಿ. ಅವಳು ಮತ್ತೀಕೆರೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಡಂ. ಗಂಡನ ವಯಸ್ಸು ಮಿತಿ ದಾಟುವುದಕ್ಕೆ ನಾಲ್ಕು ತಿಂಗಳು ಉಳಿದಿದ್ದಾಗ ಅರ್ಜಿ ತಂದು, ತುಂಬಿ, ಸಹಿ ಹಾಕಿಸಿ, ಪೋಸ್ಟ್ ಮಾಡಿ ಬಂದವಳೂ ಅವಳೇ. ಹಾಗೆ ಎಪ್ಪತ್ತೇಳನೇ ಇಸವಿಯಲ್ಲಿ ಬದರೀನಾಥ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಆದ. ಪೊಲೀಸರು ಹಿಡಿದು ತಂದವರ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ಕೇಸು ನಡೆಸುವ ಕೆಲಸ. ಎರಡು ವರ್ಷ ಪ್ರೊಬೇಷನ್. ಅದು ದಾಟಿ ಖಾಯಂ ಆದರೆ ಮುಂದೆ ಯೋಚನೆ ಇಲ್ಲ. ದಾಟದಿದ್ದರೆ ಮತ್ತೆ ಅದೇ ಮಹಡಿ, ಅದೇ ಬೆಂಚು, ಅದೇ ಅಲಮೇಲುವಿನ ಸಂಬಳ.

ಸರ್ಕಾರ ಕೊಡುತ್ತಿದ್ದ ಸಂಬಳದ ವಿಷಯ ಹೇಳಲೇಬಾರದು, ಆದರೂ ಹೇಳುತ್ತೇನೆ. ಅದು ಅಲಮೇಲುವಿನ ಸಂಬಳಕ್ಕಿಂತ ಒಂದು ಮೂಟೆ ಅಕ್ಕಿಯಷ್ಟು ಹೆಚ್ಚು, ಅಷ್ಟೇ. ಇವನು ಒಳಗೆ ಹಾಕಿಸಬೇಕಾದ ಜೇಬುಗಳ್ಳರು ಇವನಿಗಿಂತ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಕಟಕಟೆಗೆ ಬರುತ್ತಿದ್ದರು. ಹೋಗಲಿ, ಸಂಬಳ ಸಾಲದು ಅಂತ ಸಾಯಂಕಾಲ ಒಂದು ಸಿವಿಲ್ ಕೇಸೋ ಮತ್ತೊಂದೋ ನೋಡಿಕೊಳ್ಳೋಣ ಎಂದರೆ, ಕೂಡದು. ದೊಡ್ಡ ಕೋರ್ಟಿನ ದೊಡ್ಡ ಸರ್ಕಾರಿ ವಕೀಲರು ಸರ್ಕಾರದ ವಿರುದ್ಧ ಅಲ್ಲದ ಯಾವ ಕೇಸನ್ನಾದರೂ ಹಿಡಿಯಬಹುದು, ಕಾರು ಇಟ್ಟುಕೊಳ್ಳಬಹುದು. ಚಿಕ್ಕ ಕೋರ್ಟಿನ ಚಿಕ್ಕವನು ಮಾತ್ರ ಒಂದು ನೋಟೀಸು ಬರೆದುಕೊಡುವ ಹಾಗಿಲ್ಲ. ಉಪವಾಸ ಇರುವವನಿಗೇ ಪಥ್ಯ ಹೇಳುವುದು ಯಾವ ಸೀಮೆ ನ್ಯಾಯ ಸ್ವಾಮಿ?

ಎಪ್ಪತ್ತೊಂಬತ್ತರ ಸಂಕ್ರಾಂತಿ ಆದಮೇಲೆ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಪ್ರಾಸಿಕ್ಯೂಟರುಗಳು ಪೂರ್ಣಾವಧಿ ಸರ್ಕಾರಿ ನೌಕರರು, ಖಾಸಗಿ ವಕೀಲಿಯನ್ನು ಬಿಟ್ಟಿದ್ದೇವೆಂದು ಎಲ್ಲರೂ ಬರೆದುಕೊಡಬೇಕು ಅಂತ. ಉಳಿದವರು ಸಹಿ ಹಾಕಿ ಕಾಫಿಗೆ ಹೋದರು. ಬದರೀನಾಥ ಆ ಕಾಗದವನ್ನು ಮೂರು ಸಲ ಓದಿದ. ಮೊದಲು ಸಿಟ್ಟು ಬಂತು. ಮೂರನೇ ಸಲ ಓದುವಾಗ ಎದೆಯೊಳಗೆ ಏನೋ ಹಿತವಾಯಿತು. ಬಿಡು ಅಂತ ಹೇಳುವುದು ಯಾರಿಗೆ? ಇದ್ದವನಿಗೆ ತಾನೆ? ಹನ್ನೊಂದು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ಯಾರೋ ಒಬ್ಬರು, ಅದೂ ಸಾಕ್ಷಾತ್ ಸರ್ಕಾರ, ಬದರೀನಾಥನಿಗೆ ಪ್ರಾಕ್ಟೀಸ್ ಇದೆ ಎಂದು ನಂಬಿತ್ತು.

ಆ ಸಂಜೆ ಪಕ್ಕದ ಮನೆಯ ಜಯಸಿಂಹ ಅವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ಏನ್ ಸಮಾಚಾರ ಎಂದು ವಿಚಾರಿಸಿದರು. ಅವರು ಟೆಲಿಗ್ರಾಂ ಕಳಿಸುವ ತಾರು ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದು ರಿಟೈರ್ ಆದವರು. ಸುದ್ದಿ ಮುಟ್ಟಿಸುವ ಅಭ್ಯಾಸ ರಿಟೈರ್ ಆಗಿರಲಿಲ್ಲ. ಬದರೀನಾಥ ನಿಟ್ಟುಸಿರು ಬಿಟ್ಟು, ಪ್ರಾಕ್ಟೀಸ್ ತ್ಯಾಗ ಮಾಡಿಬಿಟ್ಟೆ ಅಂದ. ಜಯಸಿಂಹ ಅವರು ಗಾಬರಿಯಿಂದ, ಎಷ್ಟಿತ್ತು ಸಾರ್ ಅಂದರು. ಬದರೀನಾಥ ಆಕಾಶ ನೋಡಿ, ಅದು ಬಿಡಿ, ಈಗ ಹೇಳಿ ಏನು ಪ್ರಯೋಜನ ಅಂದ. ಎಲ್ಲ ಅನರ್ಥಕ್ಕೂ ಈ ನಿಟ್ಟುಸಿರೇ ಮೂಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಹಾಗೆ ಮಾರನೇ ಭಾನುವಾರ ಬದರೀನಾಥ ಸೈಕಲ್ ಹತ್ತಿ ಯಶವಂತಪುರಕ್ಕೆ ಹೋಗಿ ಖಾದರ್ ಬಾಷಾನ ಹತ್ತಿರ ಗೇಟಿಗೆ ಒಂದು ಬೋರ್ಡು ಬರೆಸಿದ. ಹೆಸರು, ಡಿಗ್ರಿ, ಹುದ್ದೆ, ಅದರ ಕೆಳಗೆ ಕೆಂಪಕ್ಷರದಲ್ಲಿ: 'ಖಾಸಗಿ ಕೇಸುಗಳನ್ನು ಯಾವ ಕಾರಣಕ್ಕೂ ತೆಗೆದುಕೊಳ್ಳಲಾಗುವುದಿಲ್ಲ.' ಬರೆದು ಮುಗಿಸಿದ ಮೇಲೂ ತಗಡಿನಲ್ಲಿ ಒಂದು ಗೇಣು ಜಾಗ ಮಿಕ್ಕಿತು. ಖಾಲಿ ಬಿಟ್ಟರೆ ಅಂದ ಕೆಡುತ್ತದೆ ಸಾಬ್ ಅಂತ ಖಾದರ್ ಬಾಷಾ ಕುಂಚ ಹಿಡಿದು ನಿಂತ. ಬದರೀನಾಥ ಸ್ವಲ್ಪ ಹೊತ್ತು ಯೋಚಿಸಿ, 'ದಯವಿಟ್ಟು ಒತ್ತಾಯಿಸಬಾರದು' ಅಂತ ಸೇರಿಸಲು ಹೇಳಿದ.

ಸೋಮವಾರ ಅಲಮೇಲು ಸ್ಕೂಲಿನಿಂದ ಬಂದವಳು ಗೇಟಿನ ಮುಂದೆ ನಿಂತು ಬೋರ್ಡನ್ನು ಪೂರ್ತಿ ಓದಿದಳು. ಕಾಗುಣಿತ ಸರಿಯಾಗಿತ್ತು, ಅದಕ್ಕೆ ಅವಳದೇನೂ ತಕರಾರಿಲ್ಲ. ಒಳಗೆ ಬಂದು, ಇಷ್ಟು ದಿನ ಯಾರು ಒತ್ತಾಯ ಮಾಡಿದ್ದರು ಅಂತ ಕೇಳಿದಳು. ಮುಂದೆ ಮಾಡಬಾರದಲ್ಲ ಅಂತ ಬದರೀನಾಥ ಹೇಳಿದ. ಅವಳು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಗಾದೆಯನ್ನು ಅರ್ಧ ಹೇಳಿ, ಉಳಿದರ್ಧವನ್ನು ನುಂಗಿ ಅಕ್ಕಿ ತೊಳೆಯಲು ಹೋದಳು.

ಮೊದಲು ಬಂದವನು ಜಕ್ಕೂರಿನ ಮುನಿಆಂಜಿನಪ್ಪ. ಹೆಗಲ ಮೇಲೆ ಅರ್ಧ ಮೂಟೆ ಸೊಗಡು ಅವರೆಕಾಯಿ. ಅವನ ದಾಯಾದಿ ರಾತ್ರೋರಾತ್ರಿ ಹೊಲದ ಬಾಂದು ಕಲ್ಲನ್ನು ಕಿತ್ತು ನಾಲ್ಕು ಮಾರು ಈಚೆಗೆ ನೆಟ್ಟಿದ್ದನಂತೆ. ಬದರೀನಾಥ ಬೋರ್ಡು ತೋರಿಸಿದ. ಮುನಿಆಂಜಿನಪ್ಪ, ಓದಿಸ್ಕೊಂಡೇ ಬಂದೆ ಸ್ವಾಮಿ, ಅದಕ್ಕೇ ಬಂದೆ ಅಂದ. ಅವನ ಲೆಕ್ಕಾಚಾರ ನೇರವಾಗಿತ್ತು. ಕೋರ್ಟಿನ ಬಾಗಿಲಲ್ಲಿ ಕೈ ಹಿಡಿದು ಎಳೆಯುವ ವಕೀಲರನ್ನು ಅವನು ಬೇಕಾದಷ್ಟು ಕಂಡಿದ್ದ. ಒತ್ತಾಯ ಮಾಡಬೇಡಿ ಅಂತ ತಗಡಿನ ಮೇಲೆ ಬರೆಸಿ ಗೇಟಿಗೆ ಹೊಡೆಸಬೇಕಾದರೆ ಈತನಿಗೆ ದಿನಕ್ಕೆ ಎಷ್ಟು ಜನ ಒತ್ತಾಯ ಮಾಡುತ್ತಿರಬೇಡ!

ಬದರೀನಾಥ ಖಂಡಿತವಾಗಿ ಆಗುವುದಿಲ್ಲ ಎಂದ. ಬರೀ ಆಗುವುದಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು, ಆದರೆ ಹನ್ನೊಂದು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದ ವಕೀಲ ಅವನು. ಯಾಕೆ ಆಗುವುದಿಲ್ಲ ಎಂಬುದನ್ನು ವಿವರವಾಗಿ ಹೇಳಿದ.

"ನೋಡಪ್ಪಾ, ನಾನು ಕೇಸು ತಗೊಳ್ಳೋ ಹಾಗಿದ್ದಿದ್ರೆ ಏನ್ ಹೇಳ್ತಿದ್ದೆ? ಕೋರ್ಟಿಗೆ ಹೋಗ್ಲೇಬೇಡ, ಮೊದಲು ತಾಲ್ಲೂಕಾಫೀಸಿನಲ್ಲಿ ದುಡ್ಡು ಕಟ್ಟಿ ಸರ್ವೇ ಮಾಡಿಸು, ಅಕ್ಕಪಕ್ಕದ ಹೊಲದವರಿಗೂ ನೋಟೀಸು ಕೊಡಿಸು ಅಂತಿದ್ದೆ. ಆದ್ರೆ ನಾನು ತಗೊಳ್ಳಲ್ಲ. ಆದ್ದರಿಂದ ಹೇಳಲ್ಲ."

ಮುನಿಆಂಜಿನಪ್ಪ ಕೈ ಮುಗಿದು, ಅವರೆಕಾಯಿಯನ್ನು ಜಗಲಿಯಲ್ಲೇ ಸುರಿದು ಹೋದ. ಮೂರು ವಾರದಲ್ಲಿ ಸರ್ವೇಯರ್ ಬಂದ, ಸರಪಳಿ ಎಳೆದ, ಬಾಂದು ಕಲ್ಲು ಎಲ್ಲಿತ್ತೋ ಅಲ್ಲಿಗೇ ವಾಪಸ್ ಹೋಯಿತು. ಬರೀ 'ಬೇಡ' ಅಂದಿದ್ದಕ್ಕೇ ಕಲ್ಲು ನಾಲ್ಕು ಮಾರು ಸರಿಯಿತು, ಇನ್ನು ಈತ 'ಹೂಂ' ಅಂದುಬಿಟ್ಟರೆ ಗತಿ ಏನು ಅಂತ ಜಕ್ಕೂರಿನಲ್ಲೆಲ್ಲ ಮಾತಾಯಿತು.

ಆಮೇಲೆ ಕೇಳಬೇಡಿ. ತಣಿಸಂದ್ರದಿಂದ ಬಂದರು, ಹೆಬ್ಬಾಳದಿಂದ ಬಂದರು, ಚಿಕ್ಕಬಾಣಾವರದಿಂದ ರೈಲು ಹತ್ತಿಕೊಂಡು ಬಂದರು. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಜಗಲಿಯ ತುಂಬ ಜನ. ಬದರೀನಾಥ ಸ್ನಾನ ಮಾಡಿ, ನಾಮ ಇಟ್ಟುಕೊಂಡು, ಹೊರಗೆ ಬಂದು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬೇಡ ಅನ್ನುತ್ತಿದ್ದ. ಭಾಗದ ಕೇಸಿಗೆ ಬೇಡ ಅನ್ನಲು ಕಾಲು ಗಂಟೆ, ಬಾಡಿಗೆದಾರನನ್ನು ಬಿಡಿಸುವ ಕೇಸಿಗೆ ಇಪ್ಪತ್ತು ನಿಮಿಷ, ವಿಲ್ಲಿನ ಕೇಸಾದರೆ ಪುಸ್ತಕ ತೆಗೆದು ತೋರಿಸಿ ಬೇಡ ಅನ್ನಬೇಕಾಗಿತ್ತು. ಒಬ್ಬರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಇದು ದೇವರಾಣೆ ನಿಜ. ತರಕಾರಿಯನ್ನು ಮಾತ್ರ ತಡೆಯಲು ಆಗಲಿಲ್ಲ, ಜನ ಹೇಳದೆ ಕೇಳದೆ ಸುರಿದು ಹೋಗುತ್ತಿದ್ದರು. ಅಲಮೇಲು ಅದನ್ನು ಬೀದಿಗೆಲ್ಲ ಹಂಚಿದಳು. ಹಂಚಿದ್ದೂ ತಪ್ಪಾಯಿತು ಎಂಬುದು ಆಮೇಲೆ ಗೊತ್ತಾಯಿತು, ಯಾಕೆಂದರೆ ವಕೀಲರ ಮನೆಗೆ ಮೂಟೆಗಟ್ಟಲೆ ಬರುತ್ತಿದೆ ಅನ್ನುವುದು ಇಡೀ ಬೀದಿಯ ಹೊಟ್ಟೆಗೇ ತಿಳಿದುಹೋಯಿತು.

ಜನ ತಳ್ಳಾಡುವುದನ್ನು ಜಯಸಿಂಹ ಅವರಿಗೆ ನೋಡಲಾಗಲಿಲ್ಲ. ಅವರು ತಮ್ಮ ಮನೆಯಿಂದ ಸ್ಟೂಲು ತಂದು ಗೇಟಿನ ಹತ್ತಿರ ಕೂತು, ಹಳೆಯ ಕ್ಯಾಲೆಂಡರ್ ಹರಿದು ನಂಬರ್ ಚೀಟಿ ಕೊಡತೊಡಗಿದರು. ಸಾಹೇಬರಿಗೆ ಕೋರ್ಟಿಗೆ ಹೊತ್ತಾಗುತ್ತದೆ, ಇವತ್ತು ಹನ್ನೆರಡು ಜನಕ್ಕೆ ಮಾತ್ರ ಬೇಡ ಅಂತಾರೆ, ಉಳಿದವರು ನಾಳೆ ಬನ್ನಿ ಎಂದು ಅವರು ಗಟ್ಟಿಯಾಗಿ ಹೇಳುತ್ತಿದ್ದುದು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಬದರೀನಾಥ ಇದನ್ನು ನಿಲ್ಲಿಸಿ ಅಂತ ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದ. ಹೇಳಲಿಲ್ಲ. ಹನ್ನೊಂದು ವರ್ಷ ಖಾಲಿ ಬೆಂಚು ನೋಡಿದವನ ಕಣ್ಣಿಗೆ ಆ ಕ್ಯೂ ಹೇಗೆ ಕಾಣುತ್ತಿತ್ತು ಎಂಬುದು ನಿಮಗೂ ನನಗೂ ಗೊತ್ತಾಗುವುದಲ್ಲ.

ಯುಗಾದಿ ಕಳೆದು ಎಂಟು ದಿನಕ್ಕೆ ಮೂಗರ್ಜಿ ಹೋಯಿತು. ಯಾರು ಬರೆದರೋ ಆ ಮಹಾತ್ಮರು ಹೆಸರು ಹಾಕಿರಲಿಲ್ಲ, ಮಿಕ್ಕಿದ್ದೆಲ್ಲ ಹಾಕಿದ್ದರು. ಪ್ರಾಸಿಕ್ಯೂಟರ್ ಬದರೀನಾಥ್ ಎಂಬುವವರು ಮನೆಯಲ್ಲಿ ದಿನಂಪ್ರತಿ ಕಕ್ಷಿದಾರರನ್ನು ಕಾಣುತ್ತಾರೆ, ಕ್ಯೂ ನಿಲ್ಲಿಸಲು ಪೆನ್ಷನ್‌ದಾರ ಗುಮಾಸ್ತರನ್ನು ಇಟ್ಟುಕೊಂಡಿದ್ದಾರೆ, ಫೀಸನ್ನು ದವಸಧಾನ್ಯದ ರೂಪದಲ್ಲಿ ಪಡೆಯುತ್ತಾರೆ, ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಲು ಗೇಟಿಗೆ ಸುಳ್ಳು ಬೋರ್ಡು ಹಾಕಿದ್ದಾರೆ ಇತ್ಯಾದಿ. ಖಾಯಂ ಆಗಲು ನಲವತ್ತು ದಿನ ಉಳಿದಿದ್ದಾಗ ಬದರೀನಾಥನಿಗೆ ಕೋರ್ಟಿನಲ್ಲೇ ನೋಟೀಸು ಬಂತು. ಆರೋಪ ರುಜುವಾತಾದರೆ ಸೇವೆಯಿಂದ ಬಿಡುಗಡೆ. ಅವನು ಒಳಗೆ ಹಾಕಿಸಲಿದ್ದ ಸೈಕಲ್ ಕಳ್ಳನೊಬ್ಬ ಕಟಕಟೆಯಿಂದಲೇ ಅವನನ್ನು ನೋಡಿ ಪಾಪ ಎನ್ನುವಂತೆ ಮುಖ ಮಾಡಿದ.

ಮನೆಗೆ ಬಂದ ಬದರೀನಾಥ ಕೋಟನ್ನೂ ಬಿಚ್ಚದೆ ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದ. ಫೀಸು ತಗೊಂಡು ಸಿಕ್ಕಿಬಿದ್ದಿದ್ದರೆ ಒಂದು ತರಹ. ಒಂದು ಕಾಸು ಮುಟ್ಟದೆ ಸಿಕ್ಕಿಬೀಳುವುದು ಎಂದರೇನು? ಕೊಡುವುದು ಮೂರು ಕಾಸು, ಅದಕ್ಕೆ ನೂರೆಂಟು ಕಟ್ಟಳೆ. ಕಾರಿಟ್ಟವರನ್ನು ಕೇಳುವ ಧೈರ್ಯ ಇಲ್ಲ, ಸೈಕಲ್ ಇಟ್ಟವನ ಅವರೆಕಾಯಿ ಎಣಿಸುತ್ತಾರೆ. ರಾಜೀನಾಮೆಯನ್ನು ಅವರ ಮುಖದ ಮೇಲೆ ಎಸೆದು ಬರುತ್ತೇನೆ ಅಂದ. ಅಲಮೇಲು ಕಾಫಿ ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಹೇಳಿದಳು.

"ರಾಜೀನಾಮೆ ಗೀಜೀನಾಮೆ ಎಲ್ಲ ಬೇಡ. ಇನ್ನೊಂದು ಸಲ ಒಬ್ಬಳ ಸಂಬಳದಲ್ಲಿ ಮನೆ ನಡೆಸೋಕೆ ನನ್ನ ಕೈಲಾಗಲ್ಲ, ಸುಸ್ತಾಗಿದೆ ನನಗೆ. ಇದ್ದದ್ದು ಇದ್ದ ಹಾಗೆ ಹೇಳಿ ಸಾಕು. ಹನ್ನೊಂದು ವರ್ಷ ಬೋರ್ಡು ಹಾಕಿ ಕೂತಾಗ ಒಬ್ಬರೂ ಬರದೇ ಇದ್ದೋರಿಗೆ ಈಗ ಫೀಸು ಕೊಡೋಕೆ ಯಾರು ಬರ್ತಾರೆ ಅಂತ ಸಾಕ್ಷಿ ಹಾಕ್ಸಿ."

ಬದರೀನಾಥನ ಮುಖ ಕಪ್ಪಿಟ್ಟಿತು. ಕೆಲಸ ಉಳಿಯಬೇಕಾದರೆ ತಾನು ಎಂದೂ ವಕೀಲನೇ ಆಗಿರಲಿಲ್ಲ ಎಂದು ಸಾಬೀತು ಮಾಡಬೇಕು. ಅದೂ ಸಾಕ್ಷಿ ಸಮೇತ. ಮೂರು ದಿನ ಅನ್ನ ಸರಿಯಾಗಿ ಸೇರಲಿಲ್ಲ. ನಾಲ್ಕನೇ ದಿನ ಖಾದರ್ ಬಾಷಾನನ್ನೂ ಮುನಿಆಂಜಿನಪ್ಪನನ್ನೂ ಸಾಕ್ಷಿಗೆ ಕರೆದ. ಏನು ಹೇಳಬೇಕು ಅಂತ ಅವರಿಗೆ ತಾನೇ ತಲೆ ತಗ್ಗಿಸಿಕೊಂಡು ಹೇಳಿಕೊಟ್ಟ.

ವಿಚಾರಣಾಧಿಕಾರಿ ಸೇತುರಾಮ ಅವರು ಸೆಷನ್ಸ್ ಜಡ್ಜಿಯಾಗಿದ್ದು ನಿವೃತ್ತರಾದವರು. ತೆಳ್ಳಗಿನ ಮನುಷ್ಯ, ಬೆಳ್ಳಿ ಡಬ್ಬಿಯ ನಶ್ಯ, ಜೀವಮಾನವಿಡೀ ಸುಳ್ಳು ಕೇಳಿ ಕೇಳಿ ಅರ್ಧ ಮುಚ್ಚಿದ ಕಣ್ಣು. ಇಲಾಖೆಯ ವಿಚಾರಣೆಯಲ್ಲಿ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ, ನಿಮ್ಮ ಪರವಾಗಿ ನೀವೇ ಮಾತಾಡಬೇಕು ಅಂತ ಅವರು ಮೊದಲೇ ಹೇಳಿದರು. ಬದರೀನಾಥ ತಲೆಯಾಡಿಸಿದ. ಅಲಮೇಲು ರಜೆ ಹಾಕಿ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು.

ಇಲಾಖೆಯ ಪರ ಸಾಕ್ಷಿ ಜಯಸಿಂಹ ಅವರು. ಪಾಪ, ಅವರು ಸ್ನೇಹಿತನಿಗೆ ಉಪಕಾರ ಮಾಡಲೆಂದೇ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ದಿನಕ್ಕೆ ಎಷ್ಟು ಜನ ಬರುತ್ತಿದ್ದರು ಅಂತ ಸೇತುರಾಮ ಅವರು ಕೇಳಿದ್ದಕ್ಕೆ, ಸಾಮಾನ್ಯ ದಿನ ಮೂವತ್ತು, ಸೋಮವಾರ ನಲವತ್ತಕ್ಕೂ ಮೇಲೆ, ಇಡೀ ಆರ್.ಟಿ. ನಗರದಲ್ಲಿ ಇಷ್ಟು ರಷ್ಷು ಇನ್ನಾವ ವಕೀಲರಿಗೂ ಇಲ್ಲ ಅಂತ ಅಭಿಮಾನದಿಂದ ಹೇಳಿದರು. ತಮ್ಮ ಮಾತಿಗೆ ಆಧಾರವಾಗಿ ಮಿಕ್ಕಿದ್ದ ನಂಬರ್ ಚೀಟಿಗಳನ್ನೂ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಜನ ಬರುತ್ತಿದ್ದುದು ಯಾಕೆ ಎಂದು ಕೇಳಿದರೆ, ಬೇಡ ಅನ್ನಿಸಿಕೊಳ್ಳೋಕೆ ಸ್ವಾಮಿ ಅಂದರು. ಸೇತುರಾಮ ಅವರು ಬರೆಯುವುದನ್ನು ನಿಲ್ಲಿಸಿ ಒಂದು ಚಿಟಿಕೆ ನಶ್ಯ ಏರಿಸಿದರು.

ಆಮೇಲೆ ಖಾದರ್ ಬಾಷಾ. ಕುರ್ಚಿಯ ತುದಿಯಲ್ಲಿ ಕೂತು ಬಹಳ ಪ್ರಾಮಾಣಿಕವಾಗಿ ಸಾಕ್ಷಿ ಹೇಳಿದ. ಹನ್ನೊಂದು ವರ್ಷದಲ್ಲಿ ಮೆಟ್ಟಿಲು ಹತ್ತಿದವರು ಯಾರೆಂದರೆ ಬಾಡಿಗೆ ವಸೂಲಿಗೆ ಬರುವ ಕಟ್ಟಡದ ಮಾಲೀಕರು, ದಾರಿ ತಪ್ಪಿ ಬಂದ ಒಬ್ಬ ಹಲ್ಲಿನ ನೋವಿನವನು, ಮಳೆ ಬಂದರೆ ಒಂದು ಆಡು. ಕಕ್ಷಿದಾರ ಅಂತ ನಾನು ಒಬ್ಬನನ್ನೂ ನೋಡಿಲ್ಲ ಸಾಬ್, ಇವರು ಒಳ್ಳೇ ಮನುಷ್ಯರು, ಸುಮ್ಮನೆ ಮಲಗಿರೋರು ಅಂದ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಕೆಮ್ಮಿದ ಹಾಗೆ ಮಾಡಿ ನಕ್ಕ. ಬದರೀನಾಥನ ಕಿವಿ ಕೆಂಪಾಯಿತು. ಇದು ಅವನ ಪರವಾದ ಸಾಕ್ಷಿ, ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಆದರೂ ಆ ಆಡಿನ ವಿಷಯ ಅವನು ಹೇಳಿಕೊಟ್ಟಿರಲಿಲ್ಲ. ಹಲ್ಲು ಕಚ್ಚಿಕೊಂಡು ಕೂತ. ಅಲಮೇಲು ಹಿಂದಿನಿಂದ ಸಣ್ಣಗೆ ಕೆಮ್ಮಿ, ಹಾಗೇ ಇರಿ ಎಂಬಂತೆ ಸೂಚನೆ ಕೊಟ್ಟಳು.

ಕೊನೆಗೆ ಮುನಿಆಂಜಿನಪ್ಪ ಬಂದ. ಬದರೀನಾಥ ಅವನಿಗೆ ಹೇಳಿಕೊಟ್ಟಿದ್ದು ಇಷ್ಟೇ: ನಾನು ಅವರೆಕಾಯಿ ಕೊಡಲು ಹೋಗಿದ್ದೆ, ಕಾನೂನು ಕೇಳಲು ಅಲ್ಲ. ಮುನಿಆಂಜಿನಪ್ಪ ಉಪಕಾರ ಮರೆಯುವ ಜಾತಿಯಲ್ಲ. ಇಷ್ಟು ಹೇಳಿದರೆ ಕೆಲಸ ಉಳಿಯುತ್ತದೆ ಎಂದಾದರೆ, ಇನ್ನೂ ನಾಲ್ಕು ಮಾತು ಹೆಚ್ಚಿಗೆ ಹೇಳಿದರೆ ಪ್ರಮೋಷನ್ನೇ ಸಿಗಬಹುದಲ್ಲ ಅಂತ ಅವನು ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದ.

"ಇವ್ರತ್ರ ಕಾನೂನ್ ಕೇಳಾಕೆ ಯಾರ್ ಓಗ್ತಾರೆ ಸ್ವಾಮಿ" ಅಂದ ಮುನಿಆಂಜಿನಪ್ಪ. "ಇವ್ರಿಗೆ ಲಾ ಅನ್ನೋದು ಒಂದಕ್ಸರನೂ ಬರಾಕಿಲ್ಲ. ಇಂಗ್ ಏಳಿದ್ರೆ ಬೇಜಾರು, ಆದ್ರೆ ನಿಜ ಏಳ್ಬೇಕಲ್ಲ. ನಮ್ಮೂರ್ ದನ ಕಾಯೋನಿಗೆ ಇವ್ರಿಗಿಂತ ಜಾಸ್ತಿ ಗೊತ್ತೈತೆ. ಪಾಪದೋರು, ಎಂಗೋ ಸರ್ಕಾರ ಸಾಕ್ತಾ ಐತೆ."

ಇನ್ನೊಂದು ಪ್ರಶ್ನೆಯೂ ಬೇಕಿರಲಿಲ್ಲ. ಸೇತುರಾಮ ಅವರು ಬರೆದುಕೊಂಡು, ಮುಗಿಯಿತೇ ಎನ್ನುವಂತೆ ತಲೆಯೆತ್ತಿದರು. ಆಗ ಬದರೀನಾಥ ಎದ್ದು ನಿಂತ. ಅಲಮೇಲು ಎರಡು ಸಲ ಕೆಮ್ಮಿದಳು. ಅವನಿಗೆ ಕೇಳಿಸಲಿಲ್ಲ. ಹನ್ನೊಂದು ವರ್ಷ ಮತ್ತೆ ಎರಡು ವರ್ಷ, ಒಟ್ಟು ಹದಿಮೂರು ವರ್ಷದ ಸಂಕಟ ಅವನ ಜೊತೆಗೇ ಎದ್ದು ನಿಂತಿತ್ತು. ಈ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಅಪ್ಪಣೆಯಾಗಬೇಕು ಎಂದ.

ಈತ ನಿಮ್ಮ ಕಡೆಯ ಸಾಕ್ಷಿ ಎಂದು ಸೇತುರಾಮ ಅವರು ನೆನಪಿಸಿದರು. ಯಾರ ಕಡೆಯವನಾದರೇನು, ಸುಳ್ಳು ಸುಳ್ಳೇ ಎಂದು ಬದರೀನಾಥ ಹೇಳಿದ. ಅರ್ಧ ಮುಚ್ಚಿದ್ದ ಕಣ್ಣು ಪೂರ್ತಿ ತೆರೆದು, ಅವರು ಮಾಡಿ ಅಂದರು.

"ಜನವರಿ ಕೊನೇ ವಾರ ನೀನು ನನ್ನ ಮನೆಗೆ ಬಂದಾಗ ನಿನ್ನ ಹೊಲದ ಬಾಂದು ಕಲ್ಲು ಎಲ್ಲಿತ್ತು?"

"ನಾಕ್ ಮಾರು ಈಚಿಗಿತ್ತು ಸ್ವಾಮಿ."

"ಈಗ ಎಲ್ಲಿದೆ?"

"ಮೊದ್ಲಿದ್ದ ಕಡೀಗೆ ಓಯ್ತು."

"ಅದೇನು ಕಾಲು ಬಂದು ನಡ್ಕೊಂಡು ಹೋಯ್ತಾ?"

"ಇಲ್ಲ ಸ್ವಾಮಿ. ಸರ್ವೇಯರ್ರು ಬಂದು ಅಳದ್ರು."

"ಸರ್ವೇಗೆ ದುಡ್ಡು ಕಟ್ಟು, ಅಕ್ಕಪಕ್ಕದೋರಿಗೆ ನೋಟೀಸು ಕೊಡಿಸು ಅಂತ ನಿನಗೆ ಹೇಳಿದ್ದು ಯಾರು? ದನ ಕಾಯೋನಾ?"

ಮುನಿಆಂಜಿನಪ್ಪ ಕಂಗಾಲಾಗಿ ಅಲಮೇಲುವಿನ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಬದರೀನಾಥ ಮೇಜು ಗುದ್ದಿ, ಅಲ್ಲಿ ಇಲ್ಲಿ ನೋಡಬೇಡ, ಉತ್ತರ ಹೇಳು ಎಂದ. ಮುನಿಆಂಜಿನಪ್ಪನ ಕಣ್ಣಲ್ಲಿ ನೀರು ಬಂತು.

"ನೀವೇ ಏಳಿದ್ದು ಸ್ವಾಮಿ. ಕಾನೂನು ಕೇಳಾಕೆ ಓಗಿರ್ಲಿಲ್ಲ ಅಂತ ಸುಳ್ಳೇಳು ಅಂದೋರೂ ನೀವೇ. ಈಗ ನಾನ್ ಏನೇಳ್ಬೇಕು ಅದ್ನಾದ್ರೂ ಏಳ್ಕೊಡಿ."

"ಇನ್ನು ಪ್ರಶ್ನೆಗಳಿಲ್ಲ" ಎಂದು ಬದರೀನಾಥ ಕೂತ. ಕೂತ ರೀತಿ ನೋಡಬೇಕಿತ್ತು, ಯಾವುದೋ ದೊಡ್ಡ ಕೊಲೆ ಕೇಸು ಗೆದ್ದವನ ಹಾಗೆ ಕೋಟಿನ ತುದಿಯನ್ನು ಎಳೆದು ಸರಿಮಾಡಿಕೊಂಡ. ಅವನ ಜೀವನದಲ್ಲಿ ಅಷ್ಟು ಸೊಗಸಾದ ಪಾಟೀಸವಾಲನ್ನು ಅವನು ಮಾಡಿರಲಿಲ್ಲ, ಆಮೇಲೆ ಮಾಡಲೂ ಇಲ್ಲ. ತಾನು ಏನು ಮಾಡಿದೆ ಎಂಬುದು ಅವನಿಗೆ ಹೊಳೆದದ್ದು ಸೇತುರಾಮ ಅವರು ಪೆನ್ನಿನ ಮುಚ್ಚಳ ಹಾಕಿದ ಮೇಲೆ.

ಮನೆಗೆ ಬರುವ ಬಸ್ಸಿನಲ್ಲಿ ಅಲಮೇಲು ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮನೆಗೆ ಬಂದು ಅಡಿಗೆ ಮಾಡಿ ಬಡಿಸಿ, ಸ್ಕೂಲಿನ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದುತ್ತಾ ಕೂತಳು. ಮನೆಪಾಠ ಹೇಳಿಕೊಡುತ್ತೀರಾ ಎಂದು ಹಿಂದೆ ಕೇಳಿದ್ದ ಎರಡು ಮನೆಯವರ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡದ್ದನ್ನು ಬದರೀನಾಥ ನೋಡಿದ.

ಮೂರು ವಾರದ ಮೇಲೆ ಒಂದು ಶನಿವಾರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಆದೇಶ ಬಂತು. ಒಡೆಯುವ ಧೈರ್ಯ ಅವನಿಗೆ ಇರಲಿಲ್ಲ, ಅಲಮೇಲು ಒಡೆದು ಗಟ್ಟಿಯಾಗಿ ಓದಿದಳು. ಸೇತುರಾಮ ಅವರ ಭಾಷೆ ಅವರ ಹಾಗೇ ತೆಳ್ಳಗಿತ್ತು.

'ಆಪಾದಿತರು ತಮ್ಮ ಪರವಾಗಿ ನುಡಿದ ಸಾಕ್ಷಿಯನ್ನು ತಾವೇ ಪಾಟೀಸವಾಲು ಮಾಡಿ, ತಮ್ಮ ರಕ್ಷಣೆಯನ್ನು ತಾವೇ ಬುಡಮೇಲು ಮಾಡಿಕೊಂಡದ್ದನ್ನು ನಾನು ಖುದ್ದಾಗಿ ನೋಡಿದ್ದೇನೆ. ಹೀಗೆ ಕೇಸು ನಡೆಸುವ ವಕೀಲರಿಗೆ ಬುದ್ಧಿ ಸ್ವಾಧೀನದಲ್ಲಿರುವ ಯಾವ ವ್ಯಕ್ತಿಯಾದರೂ ಫೀಸು ಕೊಟ್ಟಿರಬಹುದೆಂದು ನಂಬಲು ನನ್ನಿಂದ ಸಾಧ್ಯವಿಲ್ಲ. ಖಾಸಗಿ ವೃತ್ತಿಯ ಆರೋಪ ರುಜುವಾತಾಗಿಲ್ಲ. ಸಾಕ್ಷಿಗೆ ಹೇಳಿಕೊಟ್ಟದ್ದಕ್ಕಾಗಿ ಎಚ್ಚರಿಕೆ ನೀಡಿದೆ. ಆದರೆ ಅಭಿಯೋಜನೆ (ಪ್ರಾಸಿಕ್ಯೂಷನ್) ನಡೆಸುವಾಗ ಇವರು ಸ್ವಂತ ಜೀವನೋಪಾಯಕ್ಕೂ ದಾಕ್ಷಿಣ್ಯ ತೋರಿಸುವವರಲ್ಲ. ಸರ್ಕಾರಕ್ಕೆ ಇಂಥವರೇ ಬೇಕಾಗಿರುವುದರಿಂದ ಸೇವೆಯಲ್ಲಿ ಖಾಯಂ ಮಾಡಲು ಶಿಫಾರಸು ಮಾಡುತ್ತೇನೆ.'

ಅದರ ಕೆಳಗೆ ಖಾಯಂ ಮಾಡಿದ ಆಜ್ಞೆ ಇತ್ತು. ಅಲಮೇಲು ಅದನ್ನು ಎರಡು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಪಾಯಸಕ್ಕೆ ಹಾಲಿಟ್ಟಳು.

ಬದರೀನಾಥನಿಗೆ ಮಾತ್ರ ಮೈಯೆಲ್ಲ ಉರಿ ಎದ್ದಿತು. ಬುದ್ಧಿ ಸ್ವಾಧೀನದಲ್ಲಿರುವ ಯಾವ ವ್ಯಕ್ತಿಯಾದರೂ! ಇದು ಬಿಡುಗಡೆಯೋ, ಮರ್ಯಾದೆಯ ಹರಾಜೋ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಇದು ಅವರೆಕಾಯಿಗೆ ಹೋದ ಮಾನ. ಅದನ್ನು ಸರ್ಕಾರಿ ಕಾಗದದ ಮೇಲೆ ಸೀಲು ಹಾಕಿ ಬೇರೆ ಕಳಿಸಿದ್ದಾರೆ. ಪಾಯಸ ಮುಟ್ಟದೆ ಮೇಜಿನ ಮುಂದೆ ಕೂತು, ತನ್ನನ್ನು ನಿರ್ದೋಷಿ ಎಂದ ಆದೇಶದ ಮೇಲೆಯೇ ಮೇಲ್ಮನವಿ ಬರೆಯತೊಡಗಿದ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಪುಟ ಆಯಿತು. ತಾನು ಸಮರ್ಥ ವಕೀಲನೆಂದು, ಬೇಡ ಎನ್ನುತ್ತಲೇ ಎಷ್ಟು ಜನರ ತಗಾದೆ ಬಿಡಿಸಿದ್ದೇನೆಂದು ಊರು, ತಾರೀಕು, ಕಾನೂನಿನ ಕಲಮು ಸಮೇತ ಬರೆದಿದ್ದ. ಬರೆದು ಮುಗಿಸಿ, ಓದು ಎಂದು ಅಲಮೇಲುವಿನ ಕೈಗೆ ಕೊಟ್ಟ.

ಅವಳು ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ಓದುವ ಹಾಗೆ ಒಂದಕ್ಷರ ಬಿಡದೆ ಒಂಬತ್ತು ಪುಟವನ್ನೂ ಓದಿದಳು. ಒಂದು ಕಡೆ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದಳು. ಬದರೀನಾಥ ಪರೀಕ್ಷೆಗೆ ಕೂತ ಹುಡುಗನಂತೆ ಅವಳ ಮುಖವನ್ನೇ ನೋಡುತ್ತಿದ್ದ. ಹೇಗಿದೆ ಎಂದು ಕೇಳಿದಾಗ ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಗೆಲ್ಲುತ್ತೆ ಕಣ್ರೀ" ಅಂದಳು ಅಲಮೇಲು. "ಓದಿದ ಯಾರಾದ್ರೂ ಒಪ್ಕೋತಾರೆ, ನೀವು ಒಳ್ಳೇ ವಕೀಲರು ಅಂತ. ಅದಕ್ಕೇ ಹೇಳ್ತಿದ್ದೀನಿ, ಕಳಿಸ್ಬೇಡಿ."

ಬದರೀನಾಥ ಒಂಬತ್ತು ಪುಟವನ್ನೂ ಮಡಿಸಿ ಮೇಜಿನ ಡ್ರಾಯರಿನಲ್ಲಿಟ್ಟ. ಆಮೇಲೆ, ಗೆಲ್ಲುತ್ತೆ ಅಂದೆಯಲ್ಲ, ಅದನ್ನು ಇನ್ನೊಂದು ಸಲ ಹೇಳು ಎಂದ. ಅವಳು ಇನ್ನೊಂದು ಸಲ ಹೇಳಿದಳು.